ಮೀನಿನ ವಾಸನೆ

ಚೌಕಾಸಿ ಮಾಡಿ ಏಳು ಯೂರೋ ಕೊಟ್ಟೆ.
"ಸತ್ತಿಲ್ಲ ಇದು, ಮುನಿಸಿಕೊಂಡಿದೆ ಅಷ್ಟೇ" ಅಂದ
ಶನಿವಾರದ ಸಂತೆಯ ಮುದುಕ,
ತುಕ್ಕು ಕೀಲಿಕೈಗಳ ರಾಶಿಯ ಹಿಂದಿನಿಂದ.
ಮತೋಸಿನ್ಯೋಶ್‌ವರೆಗೆ ಬಸ್ಸಿನಲ್ಲಿ
ಮೊಟ್ಟೆಯ ಹಾಗೆ ಮಡಿಲಲ್ಲಿಟ್ಟು ತಂದೆ.

ಸ್ಕ್ರೂಗಳ ತಲೆ ಮನೆಯ ಯಾವ ಸ್ಕ್ರೂಡ್ರೈವರಿಗೂ ಬಗ್ಗಲಿಲ್ಲ.
ಗಶ್ಪಾರ್ ತನ್ನ ಪೆನ್ನಿನ ಬಾಲವನ್ನು ಲೈಟರಿಗೆ ಹಿಡಿದು
ಮೆತ್ತಗಾದದ್ದನ್ನು ತೂತಿಗೊತ್ತಿ
ಇಪ್ಪತ್ತರವರೆಗೆ ಎಣಿಸಿದ.
ತಿರುಗಿತು.
ಹನ್ನೊಂದು ವರ್ಷದವನಿಗೆ ಇದನ್ನು ಯಾರು ಕಲಿಸಿದರೋ,
ನಾನು ಕೇಳಲಿಲ್ಲ.

ಒಳಗೆ ಯಾರದೋ ಬಿಸ್ಕತ್ತಿನ ಪುಡಿ, ಒಂದು ಕೆಂಚುಗೂದಲು.
ಹಸಿರು ಹಲಗೆಯ ಮೇಲೆ ಕೊತ್ತಂಬರಿ ಕಾಳಿನಷ್ಟು ಡಬ್ಬಿಗಳು,
ಬುಡ ಸೋರಿ, ಅಂಟಂಟು.
ಬೆಸುಗೆಯ ಕಾವು ತಾಗಿದ್ದೇ ತಡ
ಅಡುಗೆಮನೆ ತುಂಬ ಮೀನೋ ಮೀನು!
ಗಶ್ಪಾರ್ ನನ್ನ ಕೈ ಮೂಸಿದ.
ನಾನಲ್ಲ ಕಣೋ.
ಕಾರ್ಖಾನೆಯಲ್ಲಿ ಎಂಟು ತಾಸು
ಬೂತಾಯಿಗಳನ್ನು ತಗಡಿನೊಳಗೆ ಮಲಗಿಸಿ
ಎರಡು ಸಲ ನಿಂಬೆ ಉಜ್ಜಿಕೊಂಡು ಬಂದವಳು;
ಈ ಡಬ್ಬಿಗಳೂ ನಾರುತ್ತವೆಂದು ಯಾರೂ ಹೇಳಿರಲಿಲ್ಲ.

ಏಳನ್ನು ಬದಲಿಸಿದೆವು.
ಒಂದನ್ನು ತಲೆಕೆಳಗೆ ಕೂರಿಸಿ, ಬೈದುಕೊಂಡು, ಮತ್ತೆ ಕಿತ್ತು.
ಗುಂಡಿ ಒತ್ತಿದರೆ ಪರದೆ ಕಪ್ಪು.
ಆ ಕಪ್ಪಿನೊಳಗಿಂದ, ಸೊಳ್ಳೆಯಷ್ಟು ತೆಳ್ಳಗೆ, ಒಂದು ರಾಗ.

ಈಗ ಅವನು ಕಿವಿಯಲ್ಲೇ ಆಡುತ್ತಾನೆ.
ಟಿಣ್ ಅಂದರೆ ನಾಣ್ಯ, ಡುಬ್ ಅಂದರೆ ಕಂದಕ.
ಮೂರು ಸಲ ಸತ್ತ, ನಾಲ್ಕನೆಯದಕ್ಕೆ ಕೂಗಿದ:
"ಅಮ್ಮಾ, ಇಲ್ಲೊಂದು ಸೇತುವೆ ಇರಬೇಕು. ಹಾರಲಾ?"

ಒದ್ದೆ ಕೈ ಒರೆಸುತ್ತ ಪಕ್ಕ ಕೂತೆ.
"ತಾಳು, ನೀರಿನ ಸದ್ದು ದಾಟಲಿ."