ಕಾಲು ಮಾತ್ರೆ

ಕುತೈಸಿಯ ಮದುವೆ ನೋಂದಣಿ ಕಚೇರಿಯಲ್ಲಿ
ಇಪ್ಪತ್ತಾರು ವರ್ಷದಿಂದ
ಕೈ ಹಿಡಿಯುವವರ ಹೆಸರು ಬರೆಯುತ್ತೇನೆ.
ನನ್ನ ಕೈಗೇ ಹಿಡಿತ ತಪ್ಪಿ ಒಂಬತ್ತಾಯಿತು.

ಸುಮ್ಮನಿದ್ದಾಗ ಸುಮ್ಮನೆ ಇರುತ್ತದೆ, ಅದೇ ಸೋಜಿಗ,
ಮಡಿಲಲ್ಲಿ ಬೆಕ್ಕು ಮಲಗಿದ ಹಾಗೆ.
ಪೆನ್ನು ಮುಟ್ಟಲಿ, ಚಮಚ ಎತ್ತಲಿ,
ಬೀಗದ ಬಾಯಿಗೆ ಕೀಲಿ ತರಲಿ
ಶುರು.
ವಧುಗಳಿಗೆ ಅನಿಸುವುದು, ಈಯಮ್ಮನಿಗೆ ಕರುಳು ಜಾಸ್ತಿ.
ಒಬ್ಬಳು ಕರವಸ್ತ್ರವನ್ನೂ ಕೊಟ್ಟಳು. ತೆಗೆದುಕೊಂಡೆ.
ಬ್ಯಾಂಕಿನ ಹುಡುಗ ಮಾತ್ರ ಒಪ್ಪಲಿಲ್ಲ:
ಇದು ನಾನುಲಿಯವರ ಸಹಿಯಲ್ಲ
ಎಂದು ನಾನುಲಿಗೇ ಹೇಳಿದ.

ಸೋದರಮಾವ ಸೆವೆರಿಯಾನ್‌ಗೆ
ಬೆಳಗಿನ ಚಹಾ ಅಂಗಿಗರ್ಧ, ಬಾಯಿಗರ್ಧ.
ಸಂಜೆ ಎರಡು ಬಟ್ಟಲು ವೈನ್ ಇಳಿದ ಮೇಲೆ
ಮೂರನೆಯದನ್ನು ಕಂಠಮಟ್ಟ ತುಂಬಿ, ಎತ್ತಿ ಹಿಡಿದು,
ಸತ್ತವರೆಲ್ಲರ ಹೆಸರೆತ್ತಿ ಮಾತಾಡುತ್ತಿದ್ದ.
ಒಂದು ಹನಿ ಚೆಲ್ಲುತ್ತಿರಲಿಲ್ಲ.
ಕುಡಿದು ಕುಡಿದು ಕೈ ಹೋಯಿತು, ಎಂದಿತು ಬೀದಿ.
ಹೌದೆಂದೆವು ನಾವೂ.
ಅಮ್ಮ ಅವನ ಬಟ್ಟಲನ್ನು ಬೇರೆ ಇಟ್ಟಳು.

ಡಾಕ್ಟರ್ ಎತೆರಿ ಹಾಳೆ ಕೊಟ್ಟರು: ಸುರುಳಿ ಬರೆಯಿರಿ,
ಮಣಿಕಟ್ಟು ಮೇಜಿಗೆ ತಾಗಬಾರದು.
ಒಳಗಿಂದ ಹೊರಟ ಗೆರೆಗೆ
ಎರಡನೇ ಸುತ್ತಿಗೇ ಗರಗಸದ ಹಲ್ಲು.
ಮನೆಯಲ್ಲಿ ಇನ್ಯಾರಿಗಾದರೂ?
ಇಲ್ಲ, ಅಂದೆ. ಮಾವನೊಬ್ಬ ಕುಡುಕ, ಅಷ್ಟೇ.
ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.
ಕುಡಿದಾಗ ನಿಲ್ಲುತ್ತಿತ್ತೇ?

ಬಸ್ಸಿನಲ್ಲಿ ಮೂರು ನಿಲ್ದಾಣ ಮುಂದೆ ಹೋಗಿ ಇಳಿದೆ ಆ ದಿನ.

ಮೊದಲನೆಯದು ಪ್ರೊಪ್ರನೊಲಾಲ್,
ಹೆಸರೇ ನಾಲಿಗೆ ನಡುಗಿಸುವಂಥದ್ದು.
ಕೈ ನಿಂತಿತು. ಹನ್ನೊಂದು ದಿನ.
ಹನ್ನೆರಡಕ್ಕೆ ಕಚೇರಿಯ ಮೆಟ್ಟಿಲಲ್ಲಿ
ಚಿಕ್ಕಂದಿನ ಗೂರಲು ಎದ್ದು ಬಂದು ಎದೆ ಮೇಲೆ ಕೂತಿತು.
ಗೂರಲಿದೆಯೆಂದು ಹೇಳಬಾರದೇ, ಎತೆರಿ ಬೈದರು.
ಕೈಯ ವಿಷಯಕ್ಕಲ್ಲವೇ ಬಂದದ್ದು, ಅಂದೆ.

ಎರಡನೆಯದು ಮಾತು ಕದ್ದಿತು.
ಬೆರಳ ತುದಿಗೆ ಇರುವೆ,
ಬೋರ್ಜೋಮಿ ನೀರಿಗೆ ತುಕ್ಕು ನಲ್ಲಿಯ ರುಚಿ.
ಊಟಕ್ಕೆ ಕೂತು ಗಂಡನನ್ನು ಕೇಳಿದೆ:
ಅದು ಕೊಡು, ಅದೇ, ಬೆಳ್ಳಗೆ, ಸಮುದ್ರದ್ದು…
ಗೆರೊಂತಿ ಮಾತಾಡದೆ ಉಪ್ಪು ತಳ್ಳಿದ.
ಕೈಚೆಲ್ಲಿ ಕೂತೆ.
ನಮ್ಮ ಮನೆಯಲ್ಲಿ ಅದು ಬರೀ ನುಡಿಗಟ್ಟಲ್ಲ.

ಮೂರನೆಯದಕ್ಕೆ ರಾತ್ರಿ ಕಾಲು ಮಾತ್ರೆ ಸಾಕು, ಅಂದರು.
ಕಾಲು ಮಾಡುವವರು ಯಾರು?
ನಡುಗುವ ಕೈಗೆ ಚಾಕು ಕೊಟ್ಟು
ಬಟಾಣಿಯಷ್ಟರಲ್ಲಿ ನಾಲ್ಕು ಪಾಲು ಮಾಡೆನ್ನುವ
ವೈದ್ಯಶಾಸ್ತ್ರಕ್ಕೆ ದೊಡ್ಡ ನಮಸ್ಕಾರ.
ಒಂದು ತುಂಡು ಒಲೆಯಡಿಗೆ ಹಾರಿತು, ಇನ್ನೊಂದು ಹಿಟ್ಟಾಯಿತು.
ಕೊನೆಗೆ ಗೆರೊಂತಿ, ಕನ್ನಡಕ ಏರಿಸಿ, ನಾಲಿಗೆ ಕಚ್ಚಿ,
ವಾರಕ್ಕಾಗುವಷ್ಟು ಕತ್ತರಿಸಿ ಗುಂಡಿ ಡಬ್ಬಿಗೆ ಹಾಕಿದ.
ಆ ರಾತ್ರಿ ನಮ್ಮ ನೆಲ ರಿಯೋನಿ ಹೊಳೆಯ ಮೇಲೆ ತೇಲಿತು;
ಗೋಡೆ ಹಿಡಿದು ಬಚ್ಚಲಿಗೆ ಹೋದೆ.
ಹತ್ತನೆಯ ರಾತ್ರಿ ಮಂಚ ಮಂಚವಾಗಿತ್ತು.
ಕಾಲು, ಅರ್ಧ, ಮುಕ್ಕಾಲು.
ಒಂದಕ್ಕೇರಿದ ವಾರ ತೂಕಡಿಸಿ
ವರನ ಸಾಲಿನಲ್ಲಿ ಸಾಕ್ಷಿಯ ಹೆಸರು ಬರೆದುಬಿಟ್ಟೆ
(ಸಾಕ್ಷಿಗೇನೂ ಬೇಸರವಾದಂತೆ ಕಾಣಲಿಲ್ಲ).
ಮುಕ್ಕಾಲಿಗಿಳಿದೆ. ಅಲ್ಲೇ ಇದ್ದೇನೆ.

ಹೋಯಿತೇ, ಎನ್ನುತ್ತಾರೆ. ಹೋಗಿಲ್ಲ.
ನಮ್ಮ ಅಕ್ಷರಗಳು ದುಂಡು, ಮೂಲೆಯಿಲ್ಲದವು,
ಕೊಂಕಿದರೆ ಅಡಗಿಸಲು ಜಾಗವಿಲ್ಲ.
ಈಗ ಓದಬಹುದು.

ಈಸ್ಟರಿನ ಮರುದಿನ ಗೋರಿಗಳಿಗೆ ಹೋಗುವುದು ರೂಢಿ.
ಬೇರೆ ಇಟ್ಟಿದ್ದ ಆ ಬಟ್ಟಲನ್ನು ಹುಡುಕಿ ಒಯ್ದೆ.
ತುಂಬಿದೆ, ಎತ್ತಿದೆ.
ಒಂದಿಷ್ಟು ನನ್ನ ಚಪ್ಪಲಿಗೆ, ಉಳಿದದ್ದು ಅವನಿಗೆ.
ನೀನು ಕುಡುಕನಲ್ಲ ಮಾವ, ಎನ್ನಲು ಹೋದವಳು
ಅರ್ಧಕ್ಕೆ ನಿಂತೆ; ಕುಡಿಯುತ್ತಿದ್ದದ್ದೂ ನಿಜವೇ.
ಪಕ್ಕದಲ್ಲಿ ತಮ್ಮನ ಮಗಳು ತೆಕ್ಲಾ, ಹದಿನಾಲ್ಕು,
ಗೋರಿಯ ಮೇಲಿಡಲು ಕೆಂಪು ಮೊಟ್ಟೆ ಹಿಡಿದಿದ್ದಳು.
ಅವಳ ಬೆರಳು ನೋಡಿದೆ.
ಚಳಿ ಅತ್ತೆ, ಅಂದಳು.

ಬಿಸಿಲಿತ್ತು.