ಏಳನೇ ನಂಬರು

ಕಕ್ಕಬ್ಬೆಯಲ್ಲಿ ಜೀಪು ಇಳಿದಾಗಲೇ ಬೆಟ್ಟ ಇರಲಿಲ್ಲ.
ಅದು ಇರಬೇಕಾದ ಕಡೆಗೆ ಬೊಟ್ಟು ಮಾಡಿ
ಅಲ್ಲಿದೆ, ಎಂದ ಅಪ್ಪಚ್ಚು.
ನಾವು ಹನ್ನೊಂದು ಮಂದಿ, ವಿರಾಜಪೇಟೆ ಅಂಚೆ ಕಚೇರಿಯವರು,
ವಿಳಾಸವೊಂದಿದ್ದರೆ ಸಾಕು ನಂಬುವ ಜನ.
ನಂಬಿದೆವು.

ತುದಿಯಿಂದ ಪಡುವಣಕ್ಕೆ ಕಡಲು ಕಾಣುತ್ತದಂತೆ,
ಉಗುರಿನ ಅಂಚಿನಷ್ಟು.
ಅಪ್ಪಚ್ಚು ನಲವತ್ತು ವರ್ಷದಲ್ಲಿ ಮೂರು ಸಲ ಕಂಡಿದ್ದಾನೆ.
ಒಂದು ಸಲದ್ದು ಮೋಡ ಇರಬಹುದು,
ಎಂದು ತಾನೇ ಸೇರಿಸಿದ.
ಅರಬ್ಬಿಯಲ್ಲಿ ವಾಯುಭಾರ ಕುಸಿತ ಅಂತ
ಬೆಳಿಗ್ಗೆ ರೇಡಿಯೋ ಹೇಳಿತ್ತು.
ಕೇಳಿದೆವು, ಕಡುಬು ತಿಂದೆವು, ಹೊರಟೆವು.
ಪೋಸ್ಟ್‌ಮಾಸ್ಟರ್ ದೇಚಮ್ಮ ಮೇಡಂ ತಿಂಗಳ ಕೊನೆಗೆ ನಿವೃತ್ತಿ;
ರಜೆಗೆ ಸಹಿಯೂ ಅವರದೇ, ಹಠವೂ ಅವರದೇ.

ಕಾಡು ಮುಗಿಯುವವರೆಗೆ ಜಿಗಣೆ.
ಕೋಲಿನ ತುದಿಗೆ ಕಟ್ಟಿದ ಉಪ್ಪಿನ ಗಂಟನ್ನು
ಕಾಲಿಂದ ಕಾಲಿಗೆ ದಾಟಿಸುತ್ತ
ಠಸ್ಸೆ ಒತ್ತಿದ ಹಾಗೆ ಒತ್ತಿದೆವು.
ಆಮೇಲೆ ಹುಲ್ಲು. ಹುಲ್ಲಿನ ಮೇಲೆ ಬೆಟ್ಟದ ಏಣು,
ಏಣಿನ ಎರಡು ಕಡೆಗೂ ಬಿಳಿ.
ಗಾಳಿ ಅಡ್ಡಲಾಗಿ ಬಂತು, ಮಳೆ ಕೆಳಗಿನಿಂದ.
ಕೆಳಗಿನಿಂದಲೂ ಮಳೆ ಬರುತ್ತದೆಂದು
ಯಾರಾದರೂ ಬರೆದಿದ್ದರೆ ನಾನು ನಂಬುತ್ತಿರಲಿಲ್ಲ.
ಪೆಮ್ಮಯ್ಯನ ಕೊಡೆ ಒಮ್ಮೆ ಒಳಹೊರಗಾಗಿ
ಕೈ ಕೊಡವಿಕೊಂಡು ಕೇರಳದ ಕಡೆ ಹೋಯಿತು.
ಪಿನ್ ಕೋಡ್ ಇಲ್ಲದೆ, ಎಂದ ಮೊಯ್ದು.
ಎರಡು ಮೂರು ಜನ ನಕ್ಕದ್ದು ಕೇಳಿಸಿತು,
ಯಾರೆಂದು ಕಾಣಿಸಲಿಲ್ಲ.

ನಂಬರು ಹಾಕಿಕೊಳ್ಳಿ, ಎಂದ ಅಪ್ಪಚ್ಚು,
ಐವತ್ತು ಹೆಜ್ಜೆಗೊಮ್ಮೆ ಕೂಗಿ.
ಚಳಿಗೆ ಕಚೇರಿಯ ಕನ್ನಡ ಕಳಚಿ
ಒಬ್ಬೊಬ್ಬರಿಗೂ ಮನೆಮಾತು ಬಾಯಿಗೆ ಬಂತು.
ಒಂದ್, ಎಂದರು ಮೇಡಂ.
ದಂಡ್, ಪೆಮ್ಮಯ್ಯ.
ಮೂನ್ನ್, ಮೊಯ್ದು.
ನಾಲ್ಕು, ಪಾರ್ಸೆಲ್ಲಿನ ಹೇಮಾವತಿ.
ಐದು, ಹೊಸ ಹುಡುಗ, ಹಲ್ಲು ಕಟಕಟಿಸುತ್ತ.
ಆಜಿ, ಕೊರಗಪ್ಪ.
ಆರಕ್ಕೆ ತುಳುವಿನಲ್ಲಿ ಆಜಿ ಎನ್ನುತ್ತಾರೆಂದು
ಹದಿನೆಂಟು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತೂ
ನನಗೆ ಗೊತ್ತಿರಲಿಲ್ಲ.
ಏಳು, ನಾನು.

ಶೂ ಲೇಸು ಬಿಚ್ಚಿತು. ಕೂತೆ.
ಕಟ್ಟಿ ತಲೆ ಎತ್ತಿದರೆ ಆಜಿಯ ಬೆನ್ನಿಲ್ಲ.
ಎಂಟರ ಕೆಮ್ಮು ಬಂಡೆಯ ಆ ಬದಿಯಿಂದ
ದಾಟಿ ಹೋಗಿರಬೇಕು.
ಮುಂದೆಲ್ಲೋ ಎಣಿಕೆ ಶುರುವಾಯಿತು.
ಒಂದ್. ದಂಡ್. ಮೂನ್ನ್. ನಾಲ್ಕು. ಐದು. ಆಜಿ.
ಆಮೇಲೆ ಗಾಳಿ.
ನನ್ನ ಜಾಗದಲ್ಲಿ ಅದು ಎಷ್ಟು ಸರಿಯಾಗಿ ಕೂತಿತ್ತು!

ಕೂಗಬಹುದಿತ್ತು. ಬಾಯಿ ತೆರೆದೆ ಕೂಡ.
ಹೇಳಬಾರದು, ಹೇಳುತ್ತಿದ್ದೇನೆ:
ನಾನಿಲ್ಲ ಎಂದು ಗೊತ್ತಾಗುವ ಸದ್ದು ಹೇಗಿರುತ್ತದೆ,
ಕೇಳುವ ಆಸೆಯಾಯಿತು.
ಮನೆಯಲ್ಲಿ ಅದು ಅಡುಗೆಯ ಹೊತ್ತಿಗೆ ತಿಳಿಯುತ್ತದೆ,
ಕೌಂಟರಿನಲ್ಲಿ ಕ್ಯೂ ಬೆಳೆದ ಮೇಲೆ.
ಇಲ್ಲಿ ಒಂದೇ ಉಸಿರಿಗೆ ತಿಳಿಯಿತು.

ಏಳು? ಎಂದಳು ಹೇಮಾವತಿ.
ಏಳ್, ಪೆಮ್ಮಯ್ಯ. ಏಳ್, ಮೊಯ್ದು. ಏಳ್, ಕೊರಗಪ್ಪ.
ಆರಕ್ಕೆ ಬೇರೆಯಾದವರು ಏಳಕ್ಕೆ ಒಂದಾಗಿ
ಬಿಳಿಯೊಳಗಿಂದ, ಹತ್ತು ಗಂಟಲಿಂದ,
ಏಳು, ಏಳು, ಏಳು.
ಅವರು ಕೇಳುತ್ತಿದ್ದದ್ದು ಲೆಕ್ಕ.
ಎದ್ದೆ.

ಇದ್ದೀನಿ, ಎಂದು ಕಿರುಚಿದೆ, ನಂಬರು ಮರೆತು.
ಮೇಡಂ ಬಂದು ಬೈದರು, ಕೊಡವ ತಕ್ಕಿನಲ್ಲಿ, ಚೆನ್ನಾಗಿ;
ತೋಳು ಹಿಡಿದ ಕೈಯನ್ನು ಮಾತ್ರ ತುದಿಯ ತನಕ ಬಿಡಲಿಲ್ಲ.
ತುದಿ ಅಂತ ಗೊತ್ತಾದದ್ದೂ
ಇನ್ನು ಹತ್ತಲು ಏನೂ ಸಿಗದೆ.

ಪಡುವಣ ಯಾವುದು?
ಮಳೆ ಹೊಡೆಯುವ ಕಡೆಗೆ ಅಪ್ಪಚ್ಚು ಎಲ್ಲರ ಮುಖ ತಿರುಗಿಸಿದ.
ನೋಡಿದೆವು.
ಕಡಲು ಕಾಣಲು ಬಂದವರ ಕನ್ನಡಕದ ಮೇಲೆ
ಕಡಲೇ ಹತ್ತಿಬಂದು ಇಳಿಯುತ್ತಿತ್ತು.
ಮೇಡಂ ಉಪ್ಪಿನ ಗಂಟಿಗೆ ಬೆರಳೊತ್ತಿ
ನಾಲಿಗೆಗೆ ಇಟ್ಟುಕೊಂಡರು.
ಜಿಗಣೆ ಮುಟ್ಟಿದ ಉಪ್ಪು ಮೇಡಂ!
ಇರಲಿ ಮೊಯ್ದು, ಇದೂ ಅಲ್ಲಿಂದಲೇ ಬಂದದ್ದು.

ಸೋಮವಾರ ಕೌಂಟರಿನಲ್ಲಿ
ಯಾರೋ ರಿಜಿಸ್ಟರ್ಡ್ ಕವರುಗಳ ಕಟ್ಟು ತಳ್ಳಿ
ಏಳು, ಎಂದರು.
ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ.
ಸೀಲು ಹೊಡೆಯುತ್ತಿದ್ದ ಕೊರಗಪ್ಪ
ಒಂದು ಸಲ ಕೈ ತಡೆದು ನೋಡಿದ,
ಮತ್ತೆ ಹೊಡೆಯತೊಡಗಿದ.