ಮೆಟ್ಟಿಲು

ಮೂರು ದಿನ ಓಡಿಸಿದರು ಸರೋವರದ ಉದ್ದಕ್ಕೂ.
ಎಂಜಿನ್ ಕಿರುಚಿತು, ಬೆಸ್ತರ ಬಲೆ ಹರಿಯಿತು,
ರೆಕ್ಕೆಯ ದೋಣಿ ಮಾತ್ರ ಏಳಲಿಲ್ಲ.

ಕುದುರೆಬಲ ಸಾಲದು ಎಂದರು
ಮಿಲಾನಿನಿಂದ ಬಂದ ಇಂಜಿನಿಯರುಗಳು.
ಆಮಿಲ್ಕರೆ ಏನೂ ಅನ್ನಲಿಲ್ಲ.
ನಲವತ್ತು ವರ್ಷ ಮಜ್ಜೋರೆಯ ದಡದಲ್ಲಿ
ತೇಲುವುದನ್ನಷ್ಟೇ ಕಟ್ಟಿದವ
ಮೊಣಕಾಲೂರಿ, ಹಲಗೆಯೊಂದನ್ನು
ನೀರಿಗೆ ಒತ್ತಿ ಎತ್ತಿದ,
ಒತ್ತಿ ಎತ್ತಿದ.
ಪ್ರತಿ ಸಲವೂ ನೀರು ಚಪ್ಪರಿಸಿ ಹಿಡಿದುಕೊಂಡಿತು
ಹೊರಟವಳ ಸೆರಗು ಬಿಡದ ಮಗುವಿನ ಹಾಗೆ.

ರಾತ್ರಿ ಗರಗಸ ಹಾಕಿದ.
ದೋಣಿಯ ತಳಕ್ಕೆ, ಅಡ್ಡಲಾಗಿ,
ನಾಲ್ಕು ಬೆರಳೆತ್ತರದ ಒಂದೇ ಒಂದು ಮೆಟ್ಟಿಲು.
'ಒಳ್ಳೇ ದೋಣಿ ಕೆಡಿಸಿದೆ' ಎಂದಳು ಎರ್ಸೀಲಿಯಾ,
ಲಾಟೀನು ಹಿಡಿದುಕೊಂಡೇ.
'ನಡುವೆ ಒಂಚೂರು ಗಾಳಿ ನುಸುಳಲಿ, ಬಿಡು.'

ಬೆಳಗ್ಗೆ ಅದು ಓಡಿತು, ತಟಪಟ ಬಡಿಯಿತು,
ಆಮೇಲೆ ಬಡಿತವೇ ನಿಂತಿತು.
ದೋಣಿಯ ನೆರಳು ದೋಣಿಯನ್ನು ಬಿಟ್ಟು
ಒಂದು ಗೇಣು,
ಒಂದು ಮೊಳ,
ಒಂದು ಮಾರು.
ಇಂಜಿನಿಯರುಗಳ ಟೋಪಿಗಳೆಲ್ಲ ಆಕಾಶಕ್ಕೆ.
ಆಮಿಲ್ಕರೆ ನೋಡುತ್ತಿದ್ದುದು ನೀರನ್ನು:
ಎಷ್ಟು ಬೇಗ ಮುಚ್ಚಿಕೊಂಡಿತು,
ಯಾರನ್ನೂ ಹಿಡಿದೇ ಇರಲಿಲ್ಲವೆಂಬಂತೆ.

ಎರ್ಸೀಲಿಯಾ ಕೈ ಒರೆಸುತ್ತ ಬಂದು ಕೇಳಿದಳು:
'ಇಳಿಯೋದು ಹೇಗೆ?'

ಅದನ್ನವನು ಯೋಚಿಸಿರಲಿಲ್ಲ.